ಕಾರಿನ ಕೊನೆಯ ತಾರೀಖು

ತೋವಾ ಪಾಯೋ, ಸಿಂಗಾಪುರ
ಜನವರಿ ೮, ಭಾನುವಾರ

ಮುದ್ದಿನ ಸ್ಯೂ ಪೆಂಗ್,

ನಿನಗೂ ಅಳಿಯಂದಿರಿಗೂ ನಮ್ಮ ಪುಟಾಣಿ ಯೂನ್‌ಗೂ ಆಶೀರ್ವಾದಗಳು. ನೀನು ಕುಚಿಂಗ್‌ನಿಂದ ಬರೆದ ಕಾಗದ ಹಳೆಯ ವರ್ಷವೇ ಬಂತು, ಉತ್ತರ ಹೊಸ ವರ್ಷಕ್ಕೆ ಹೋಗುತ್ತಿದೆ. ಮುನಿಸಿಕೊಂಡಿರುತ್ತೀಯ. ಮುನಿಸಿಕೋ, ಆದರೆ ಪೂರ್ತಿ ಓದಿಯಾದ ಮೇಲೆ.

ಫೋನಿನಲ್ಲಿ ಹೇಳೋಣವೆಂದರೆ ನಮ್ಮ ಫ್ಲಾಟು ನಿನಗೆ ಗೊತ್ತಲ್ಲ. ಅಡುಗೆಮನೆಯಲ್ಲಿ ಕೆಮ್ಮಿದರೆ ಮಲಗುವ ಕೋಣೆಯಿಂದ "ಔಷಧಿ ತಗೊಂಡ್ಯಾ?" ಎಂದು ಕೇಳುತ್ತದೆ. ನಿನ್ನ ಅಪ್ಪನ ಕಿವಿ ವಯಸ್ಸಾದಷ್ಟೂ ಚುರುಕಾಗುತ್ತಿದೆ. ಮೊಬೈಲಿನಲ್ಲಿ ಇಷ್ಟುದ್ದ ಒತ್ತಲು ನನ್ನ ಹೆಬ್ಬೆರಳಿಗೆ ಆಗದು. ಈಗಲೂ ಅವರು ಊಟದ ಮೇಜಿನ ಆ ಬದಿಯಲ್ಲಿ ರೇಡಿಯೋ ಹಚ್ಚಿಕೊಂಡು ಕೂತಿದ್ದಾರೆ. ಏನು ಬರೆಯುತ್ತಿದ್ದೀಯ ಎಂದರು, ಚೀನೀ ಹೊಸ ವರ್ಷದ ಹಬ್ಬದ ಸಾಮಾನು ಎಂದೆ. ಮೊದಲಾಗಿದ್ದರೆ ತಲೆಕೆಳಗಾಗಿಯೇ ಓದಿ ತಪ್ಪು ತೋರಿಸುತ್ತಿದ್ದರು. ಇವತ್ತು "ಒಣ ಅಣಬೆ ಮರೀಬೇಡ" ಎಂದು ಸುಮ್ಮನಾದರು.

ವಿಷಯಕ್ಕೆ ಬರುತ್ತೇನೆ. ಇಪ್ಪತ್ತೈದಕ್ಕೆ ನೀವು ಬರುವ ವಿಮಾನದ ಹೊತ್ತನ್ನು ಅಪ್ಪನಿಗೆ ಹೇಳಬೇಡ. ಎಷ್ಟು ಕೇಳಿದರೂ ಹೇಳಬೇಡ. ಟ್ಯಾಕ್ಸಿ ಹಿಡಿದು ಬಂದುಬಿಡು. ಯೂನ್‌ಗೆ ನಮ್ಮ ಕಾರಿನ ವಾಸನೆಗೆ ವಾಂತಿ ಬರುತ್ತದೆ ಎಂದು ಸುಳ್ಳು ಹೇಳಬೇಕಾದರೂ ಹೇಳು, ಆ ಪಾಪ ನನಗಿರಲಿ.

ನಮ್ಮ ಕಾರಿಗೆ ಸರ್ಕಾರ ಕೊಟ್ಟ ಹತ್ತು ವರ್ಷ ಈ ಹತ್ತೊಂಬತ್ತಕ್ಕೆ ಮುಗಿಯುತ್ತದೆ. ಆಮೇಲೆ ಅದನ್ನು ಗುಜರಿಗೆ ಕೊಡಬೇಕು, ಇಲ್ಲವೇ ಇನ್ನೈದು ವರ್ಷದ ಹಕ್ಕುಪತ್ರಕ್ಕೆ ದುಡ್ಡು ಕಟ್ಟಬೇಕು. ಕಾರಿಗಿಂತ ಕಾಗದ ದುಬಾರಿ, ಮೂಗಿಗಿಂತ ಮೂಗುತಿ ಭಾರ ಎಂದು ಗೊಣಗದವರು ನಮ್ಮ ಬ್ಲಾಕಿನಲ್ಲಿಲ್ಲ. ನಾಲ್ಕನೇ ಮಹಡಿಯವರು ಹೋದ ತಿಂಗಳು ತಮ್ಮ ಕಾರು ಕೊಟ್ಟು ಬಂದ ದಿನ ಮನೆಯಲ್ಲಿ ಅನ್ನ ಬೇಯಿಸಲಿಲ್ಲವಂತೆ. ನಾನೊಬ್ಬಳು ಮಾತ್ರ ಗುವಾನ್ ಯಿನ್ ತಾಯಿಗೆ ಊದುಬತ್ತಿ ಹಚ್ಚಿ, ಹತ್ತೊಂಬತ್ತು ಬೇಗ ಬರಲಮ್ಮಾ ಎಂದು ಕೈಮುಗಿಯುತ್ತಿದ್ದೇನೆ.

ಯಾಕೆಂದರೆ ನಿನ್ನ ಅಪ್ಪ ಈಗ ಓಡಿಸುವುದನ್ನು ನೀನು ನೋಡಿಲ್ಲ. ನವೆಂಬರಿನಲ್ಲಿ ಕಾರು ನಿಲ್ಲಿಸುವಲ್ಲಿ ಕಂಬಕ್ಕೆ ಗುದ್ದಿದರು. ಕಂಬಕ್ಕೆ ಬಣ್ಣ ಬಳಿದಿಲ್ಲ ಎಂದು ಕಂಬವನ್ನೇ ಬೈದರು. ಡಿಸೆಂಬರಿನಲ್ಲಿ ಪಕ್ಕದ ವ್ಯಾನಿನ ಕನ್ನಡಿ ಹೋಯಿತು. ನಮ್ಮ ಕೆಳಮನೆಯ ಹುವಾತ್‌ಗೆ ಮಾತ್ರ ಇದೆಲ್ಲ ಹಬ್ಬ. ಗುದ್ದಿದ ಕಾರಿನ ನಂಬರು ಲಾಟರಿಗೆ ಹಾಕಿದರೆ ಹೊಡೆಯುತ್ತದೆ ಎಂಬ ಹುಚ್ಚು ಇಲ್ಲಿ ಯಾರಿಗಿಲ್ಲ ಹೇಳು. ಹೋದ ಬುಧವಾರ ಲಿಫ್ಟಿನಲ್ಲಿ ಸಿಕ್ಕಿದ.

"ಸೋಕ್ ಹಿಯಾಂಗ್ ಅಕ್ಕಾ, ಈ ವಾರ ಎಲ್ಲೂ ಗುದ್ದಿಲ್ವಾ? ಹೋದ್ಸಲ ನಿಮ್ಮ ಕಂಬದ ಪುಣ್ಯದಿಂದ ಅರವತ್ತು ಡಾಲರ್ ಬಂತು!"

"ಮುಂದಿನ ಸಲ ನಿನ್ನನ್ನೇ ಗುದ್ದೋಕೆ ಹೇಳ್ತೀನಿ. ನಂಬರ್ ಆಸ್ಪತ್ರೆಯಿಂದ್ಲೇ ಹಾಕು" ಎಂದೆ.

ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ನಕ್ಕು ಮನೆಗೆ ಬಂದೆ. ಆದರೆ ಗುರುವಾರದ ಮೇಲೆ ನನಗೆ ನಗು ಬರುತ್ತಿಲ್ಲ. ಮಾರುಕಟ್ಟೆಗೆ ಹೊರಟಿದ್ದೆವು. ಈಗೀಗ ನಾನು ಪಕ್ಕದಲ್ಲಿ ಕೂತು "ಎಡಕ್ಕೆ ಬೈಕು", "ಮುಂದೆ ಬಸ್ಸು ನಿಂತಿದೆ" ಎನ್ನುತ್ತಲೇ ಇರುತ್ತೇನೆ, ಅವರು "ಗೊತ್ತು, ಗೊತ್ತು" ಎನ್ನುತ್ತಾರೆ. ಶಾಲೆಯ ಹತ್ತಿರ ದೀಪ ಕೆಂಪಾಯಿತು. "ಕೆಂಪು" ಎಂದೆ. "ಗೊತ್ತು" ಎಂದರು. ಕಾರು ನಿಧಾನವಾಯಿತೇ ಹೊರತು ನಿಲ್ಲಲಿಲ್ಲ. ನಾನು ಕಿರುಚಿದೆ. ಬ್ರೇಕು ಬಿತ್ತು. ಕುತ್ತಿಗೆಗೆ ನೀರಿನ ಬಾಟಲಿ ನೇತುಹಾಕಿಕೊಂಡ ಒಂದು ಹುಡುಗಿ ಎರಡೂ ಕೈಯನ್ನು ನಮ್ಮ ಕಾರಿನ ಮೂತಿಯ ಮೇಲೆ ಊರಿ ನಿಂತಿದ್ದಳು. ಅಳಲಿಲ್ಲ. ನಮ್ಮಿಬ್ಬರನ್ನೂ ನೋಡಿ ಆಚೆ ಓಡಿಹೋದಳು.

"ಎಲ್ಲಿಂದ ಬಂದ್ಲೋ ಹುಡುಗಿ!" ಎಂದರು ನಿನ್ನ ಅಪ್ಪ.

ಅವಳು ಎಲ್ಲಿಂದಲೂ ಬಂದಿರಲಿಲ್ಲ ಪೆಂಗ್. ನಡೆಯುವವರ ದೀಪ ಹಸಿರಾದ ಮೇಲೆ ದಾಟುವ ಪಟ್ಟೆಯ ಮೇಲೆ ನಡೆಯುತ್ತಿದ್ದಳು, ನಮ್ಮ ಎದುರಿಗೇ. ಆ ಎರಡು ಅಂಗೈಗಳು ನನ್ನ ಕಣ್ಣಿಂದ ಹೋಗುತ್ತಿಲ್ಲ. ಇನ್ನು ಅದೇ ಕಾರಿನಲ್ಲಿ ನಮ್ಮ ಯೂನ್ ಕೂರುವುದೆಂದರೆ ನನ್ನ ಜೀವ ಬಾಯಿಗೆ ಬರುತ್ತದೆ.

ನೇರವಾಗಿ ಹೇಳಬಾರದೇ ಎನ್ನುತ್ತೀಯ. ಹೇಗೆ ಹೇಳಲಿ? ಮೂವತ್ತು ವರ್ಷ ಅಕ್ಕಿ ಮಂಡಿಯವರ ಲಾರಿ ಓಡಿಸಿದ ಮನುಷ್ಯ. ಐವತ್ತೇಳನೇ ವಯಸ್ಸಿಗೆ, ಹಕ್ಕುಪತ್ರ ಅಗ್ಗವಾಗಿದ್ದ ವರ್ಷ, ತನ್ನದೆನ್ನುವ ಒಂದು ಕಾರು ತಂದರು. ಆ ದಿನ ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, "ಮೇಡಂ, ಎಲ್ಲಿಗೆ?" ಎಂದು ಊರೆಲ್ಲ ಸುತ್ತಿಸಿದ್ದರು. ಅವರ ಕೈಯಿಂದ ಬೀಗದ ಕೈ ಕಸಿಯುವ ಧೈರ್ಯ ನನಗಿಲ್ಲ. ಲೈಸೆನ್ಸಿನ ಪರೀಕ್ಷೆ ಅರವತ್ತೈದಕ್ಕೆ ಪಾಸಾಗಿದೆ, ಮುಂದಿನದು ಬರುವ ವರ್ಷವೇ. ಅದಕ್ಕೇ ತಾರೀಖನ್ನು ನಂಬಿದ್ದೇನೆ. ಕಾನೂನೇ ಕಾರನ್ನು ಒಯ್ದರೆ ಅವರು ಸರ್ಕಾರವನ್ನು ಬೈದುಕೊಂಡು ಸಮಾಧಾನವಾಗುತ್ತಾರೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಅನಾನಸಿನ ಬಿಸ್ಕತ್ತು ಮೂರು ಡಬ್ಬಿ ಆಗಿದೆ. ಅಳಿಯಂದಿರಿಗೆ ಬೇರೆ ತೆಗೆದಿಟ್ಟಿದ್ದೇನೆ. ತಾಯಿ ಗುವಾನ್ ಯಿನ್ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಮ್ಮ,
ಸೋಕ್ ಹಿಯಾಂಗ್

ಮರೆತಿದ್ದೆ: ನಿನ್ನೆ ಅಪ್ಪ ಒಂದು ದೊಡ್ಡ ಪೆಟ್ಟಿಗೆ ಹೊತ್ತು ತಂದರು. ಕಾರಿನಲ್ಲಿ ಮಗುವನ್ನು ಕೂರಿಸುವ ಸೀಟು, ಹಳದಿ ಬಣ್ಣದ್ದು. ಹತ್ತೊಂಬತ್ತಕ್ಕೆ ಕಾರೇ ಹೋಗುವುದಾದರೆ ಇಪ್ಪತ್ತೈದಕ್ಕೆ ಬರುವ ಮಗುವಿಗೆ ಸೀಟು ಯಾತಕ್ಕೆ? ಕೇಳಲು ನನಗೆ ಬಾಯಿ ಬರಲಿಲ್ಲ.


ತೋವಾ ಪಾಯೋ
ಜನವರಿ ೧೭, ಮಂಗಳವಾರ

ಪ್ರೀತಿಯ ಪೆಂಗ್,

ಆಶೀರ್ವಾದ. ಈ ಸಲ ತಡವಿಲ್ಲ, ದುಡ್ಡು ಹೆಚ್ಚಾದರೂ ಬೇಗ ಮುಟ್ಟುವ ಟಪಾಲಿಗೇ ಹಾಕುತ್ತೇನೆ.

ನಾನು ಹೆದರಿದ್ದೇ ಆಯಿತು. ಗುರುವಾರ ಊಟಕ್ಕೆ ಕೂತಾಗ ಅಪ್ಪ ಮೀನು ಬಿಡಿಸುತ್ತಾ ಹೇಳಿದರು.

"ಐದು ವರ್ಷಕ್ಕೆ ಕಟ್ಟಿಬಿಡ್ತೀನಿ. ನಾಳೆ ಬ್ಯಾಂಕಿಗೆ ಬಾ, ಠೇವಣಿ ಮುರಿಯೋಕೆ ಇಬ್ರೂ ಸೈನ್ ಹಾಕ್ಬೇಕು."

"ನಾನು ಹಾಕಲ್ಲ."

"ಯಾಕೆ? ಹೋಗೋವಾಗ ಹೊತ್ಕೊಂಡು ಹೋಗ್ತೀಯಾ ದುಡ್ಡನ್ನ?"

ದುಡ್ಡಿನ ಮಾತಲ್ಲ ಎಂದು ಅವರಿಗೂ ಗೊತ್ತಿತ್ತು. ನಾನು ಇಷ್ಟು ದಿನ ನುಂಗಿದ್ದು ಒಂದೇ ಸಲ ಹೊರಗೆ ಬಂತು.

"ಯಾರದೋ ಮಗೂನ ಕೊಂದು ಹಾಕ್ತೀರಿ ನೀವು. ಅದಕ್ಕೆ."

ಅವರು ಚಾಪ್‌ಸ್ಟಿಕ್ಕು ಕೆಳಗಿಟ್ಟರು. "ಮೂವತ್ತು ವರ್ಷ ಲಾರಿ ಓಡ್ಸಿದೀನಿ, ಒಂದು ಕೋಳಿ ಸತ್ತಿಲ್ಲ ನನ್ನ ಚಕ್ರಕ್ಕೆ."

"ಆಗ ಕಣ್ಣಿತ್ತು."

"ಈಗೇನು ಕುರುಡನಾ ನಾನು?"

"ಹಾಗಾದ್ರೆ ನಾಳೆ ಕಣ್ಣಿನ ಡಾಕ್ಟರ ಹತ್ರ ಹೋಗೋಣ. ಅವ್ರು ಸರಿ ಅಂದ್ರೆ ಅಲ್ಲಿಂದ್ಲೇ ಬ್ಯಾಂಕಿಗೆ ಬರ್ತೀನಿ, ಎಲ್ಲಿ ಬೇಕಾದ್ರೂ ಸೈನ್ ಹಾಕ್ತೀನಿ."

ಅರ್ಧ ಊಟದಲ್ಲೇ ಎದ್ದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅನ್ನ ಬಿಟ್ಟು ಎದ್ದಿದ್ದು ಅದೇ ಮೊದಲು. ಆಮೇಲೆ ಮನೆಯಲ್ಲಿ ಮಾತಿಲ್ಲ. ನಾನು ಗೋಡೆಗೆ ಹೇಳುವುದು, "ಯಾರಿಗಾದ್ರೂ ಗಂಜಿ ಬೇಕಿದ್ರೆ ಒಲೆ ಮೇಲಿದೆ." ಅವರು ಟೀವಿಗೆ ಹೇಳುವುದು, "ಯಾರಿಗೂ ಹಸಿವಿಲ್ಲ."

ಶನಿವಾರ ಬೆಳಿಗ್ಗೆ ನಾನು ಸ್ನಾನಕ್ಕೆ ಹೋದಾಗ ಬೀಗದ ಕೈ ತೆಗೆದುಕೊಂಡು ಒಬ್ಬರೇ ಹೊರಟುಹೋಗಿದ್ದರು. ಎಡಕ್ಕೆ ಬೈಕು ಎನ್ನಲು ಪಕ್ಕದಲ್ಲಿ ಯಾರೂ ಇಲ್ಲ. ಒದ್ದೆ ಕೂದಲಿನಲ್ಲೇ ಬಾಗಿಲಲ್ಲಿ ನಿಂತೆ. ಲಿಫ್ಟು ಸದ್ದಾದಾಗಲೆಲ್ಲ ಪೊಲೀಸರು ಬಂದರೇನೋ ಎಂದು ಇಣುಕುತ್ತಿದ್ದೆ. ಮಧ್ಯಾಹ್ನ ಬಂದರು, ಕೈಯಲ್ಲಿ ಕಿತ್ತಳೆಯ ಚೀಲ. ಹಬ್ಬದ ಹಣ್ಣು ತರಲು ಹೋಗಿದ್ದರಂತೆ, ಹಾಗೆಂದು ಟೀವಿಗೆ ಹೇಳಿದರು. ನನಗೆ ಅಳುವಷ್ಟು ಸಿಟ್ಟು ಬಂತು. ಮನೆಯಲ್ಲಿ ಕೂರಲಾರದೆ ಕೆಳಗೆ ಹೋಗಿ, ಹಬ್ಬಕ್ಕೆಂದು ಕೂದಲು ಕತ್ತರಿಸಿಕೊಂಡು ಬಂದೆ. ಕಿವಿಯ ಮೇಲೆ ನಿಲ್ಲುವಷ್ಟು ಗಿಡ್ಡ, ನೀನು ನೋಡಿದರೆ ನಗುತ್ತೀಯ. ಅವರು ಅದಕ್ಕೂ ಒಂದು ಮಾತಾಡಲಿಲ್ಲ. ಅಷ್ಟೊಂದು ಕೋಪವೇ ಎಂದುಕೊಂಡೆ.

ಭಾನುವಾರ ಕಾಫಿ ಅಂಗಡಿಯಲ್ಲಿ ಒಂದು ಘಟನೆ ನಡೆಯಿತು. ಅದನ್ನು ಕೊನೆಗೆ ಬರೆಯುತ್ತೇನೆ. ಅಲ್ಲಿಂದ ಮನೆಗೆ ನಡೆದೇ ಬಂದೆವು. ಬಂದವರೇ ಅಪ್ಪ ಗುಜರಿಯವನಿಗೆ ತಾವೇ ಫೋನು ಮಾಡಿದರು.

ನಿನ್ನೆ ಅವನು ಬಂದ. ಕಾಫಿ ಅಂಗಡಿಯ ಹತ್ತಿರವೇ ನಿಂತಿದ್ದ ಕಾರನ್ನು ಅಲ್ಲಿಂದಲೇ ಒಯ್ದ. ಅಪ್ಪ ಹಿಂದಿನ ರಾತ್ರಿ ಒಳಗೆಲ್ಲ ಒರೆಸಿದ್ದರು, ಪುಡಿಯಾಗಲು ಹೋಗುವ ಕಾರನ್ನು! ಬೀಗದ ಕೈ ಕೊಡುವಾಗ ಅವನಿಗೆ ಹೇಳಿದರು, "ಬ್ರೇಕು ಸ್ವಲ್ಪ ಗಟ್ಟಿ ಇದೆಯಪ್ಪಾ, ನೋಡ್ಕೊಂಡು ಓಡ್ಸು." ಅವನು ಚಿಕ್ಕವನು, "ಆಯ್ತು ಅಂಕಲ್, ನಿಮ್ಮ ಕಾರು ಚೆನ್ನಾಗಿ ಇಟ್ಕೊಂಡಿದ್ರಿ" ಎಂದ. ಇವರು ಕಾರಿನ ಮೇಲೊಮ್ಮೆ ಅಂಗೈ ಸವರಿದರು. ತಾರೀಖಿಗೆ ಇನ್ನೂ ಮೂರು ದಿನ ಉಳಿದಿತ್ತು ಪೆಂಗ್. ನಾನು ಹರಕೆ ಹೊತ್ತು ಬೇಡಿದ್ದು ಕೈಗೆ ಬಂದಿತ್ತು, ಆದರೆ ಅದನ್ನು ನೋಡಿಕೊಂಡು ನಿಲ್ಲುವುದು ನನ್ನಿಂದಾಗಲಿಲ್ಲ. ಹುವಾತ್ ಕೂಡ ಅಲ್ಲೇ ಇದ್ದ. ಎಂದಿನಂತೆ ನಂಬರಿನ ಮಾತೆತ್ತಲಿಲ್ಲ. ಡಿಕ್ಕಿಯಿಂದ ತೆಗೆದಿಟ್ಟಿದ್ದ ಹಳದಿ ಸೀಟನ್ನು ತಾನೇ ಹೆಗಲ ಮೇಲೆ ಹೊತ್ತು ನಮ್ಮ ಮನೆಯವರೆಗೆ ತಂದುಕೊಟ್ಟು, ಚಹಾ ಕೂಡ ಕುಡಿಯದೆ ಹೋದ. ಅದು ಈಗ ಟೀವಿಯ ಎದುರಿಗಿದೆ. ಯೂನ್ ಅದರಲ್ಲೇ ಕೂತು ಊಟ ಮಾಡಲಿ.

ಹೋದ ಕಾಗದದಲ್ಲಿ ಹೇಳಿದ್ದನ್ನೆಲ್ಲ ಮರೆತುಬಿಡು. ವಿಮಾನದ ಹೊತ್ತನ್ನು ಅಪ್ಪನಿಗೆ ನೀನೇ ಫೋನು ಮಾಡಿ ಹೇಳು. ನಾವಿಬ್ಬರೂ ರೈಲಿನಲ್ಲಿ ವಿಮಾನ ನಿಲ್ದಾಣಕ್ಕೆ ಬರುತ್ತೇವೆ. ಸುಖವಾಗಿ ಬನ್ನಿ, ನಗುನಗುತ್ತಾ ಬನ್ನಿ. ಹೊಸ ವರ್ಷ ನಿಮ್ಮ ಮೂವರಿಗೂ ಒಳ್ಳೆಯದು ಮಾಡಲಿ.

ನಿನ್ನ ಅಮ್ಮ,
ಸೋಕ್ ಹಿಯಾಂಗ್

ಕಡೆಯ ಮಾತು: ಭಾನುವಾರ ನಾನು ಮಾರುಕಟ್ಟೆ ಮುಗಿಸಿ ಮೊದಲೇ ಕಾಫಿ ಅಂಗಡಿಗೆ ಹೋದೆ. ಎದುರಿನ ಕುರ್ಚಿಯ ಮುಂದೆ ಟಿಶ್ಯೂ ಪೊಟ್ಟಣ ಇಟ್ಟು ಜಾಗ ಹಿಡಿದು ಕೂತೆ. ಮಾತು ಬಿಟ್ಟಿದ್ದರೂ ಭಾನುವಾರದ ಕಾಫಿ ಬಿಟ್ಟಿರಲಿಲ್ಲ. ಅವರು ಕಾರು ನಿಲ್ಲಿಸಿ ಬಂದರು. ನನ್ನ ಮೇಜಿನ ಹತ್ತಿರ ನಿಂತು, ನನ್ನನ್ನೇ ನೋಡಿ, ಗುರುತಿಲ್ಲದವರಿಗೆ ನಗುವ ಹಾಗೆ ನಕ್ಕರು.

"ಆಂಟಿ, ಇಲ್ಲಿ ಯಾರಾದ್ರೂ ಇದಾರಾ? ಎರಡು ಸೀಟು ಬೇಕಿತ್ತು. ನನ್ನ ಹೆಂಡ್ತಿ ಬರ್ತಾಳೆ."

"ಕೂತ್ಕೊಳ್ಳಿ" ಎಂದೆ. ನನ್ನ ದನಿ ಕೇಳಿ ಅವರು ಮೇಜಿನ ಅಂಚನ್ನು ಹಿಡಿದುಕೊಂಡರು. ಕಾಫಿ ತರಿಸಿದೆ. ಇಬ್ಬರೂ ಕುಡಿಯಲಿಲ್ಲ. ಆಮೇಲೆ ಹೇಳಿದರು. ಒಂದು ವರ್ಷದಿಂದ ಹೀಗೆಯೇ ಅಂತೆ. ಸುತ್ತಲಿನದು ಕಾಣುತ್ತದೆ, ನೇರ ನೋಡಿದ್ದು ಮಾತ್ರ ಮಸಿ ಬಳಿದಂತೆ ಅಳಿಸಿಹೋಗುತ್ತದೆ. "ರೋಡಿನ ಅಂಚು ಕಾಣುತ್ತೆ ಕಣೇ, ಮುಖ ಕಾಣಲ್ಲ" ಎಂದರು. ನಾನು ಎದುರಿಗೇ ಕೂತು ಅವರ ಮೇಲೆ ನಿನಗೆ ಚಾಡಿ ಬರೆದೆನಲ್ಲ, ಅದನ್ನು ಓದಲು ಅವರಿಗೆ ಕಣ್ಣೇ ಇರಲಿಲ್ಲ. ಡಾಕ್ಟರ ಹತ್ತಿರ ಹಬ್ಬದ ಮರುವಾರ ಹೋಗುತ್ತೇವೆ.

ಹಾಗಿದ್ದೂ ಕಾರು ಯಾಕೆ ಬೇಕಿತ್ತು ಎಂದು ಕೇಳಿದೆ. "ಕಾರಲ್ಲಿ ಕೂತಿದ್ರೆ ಪೆಂಗ್ ತಾನೇ ಬಂದು ಕಿಟಕಿ ತಟ್ತಾಳೆ. ಏರ್‌ಪೋರ್ಟ್ ಬಾಗಿಲಲ್ಲಿ ನಿಂತ್ರೆ ನಾನು ಅವಳನ್ನ ಹುಡುಕ್ಬೇಕು. ಅಷ್ಟು ಜನದಲ್ಲಿ ನಮ್ಮ ಮಗಳು ಎದುರು ಬಂದು ನಿಂತಾಗ ನಾನು ಪಕ್ಕದವಳನ್ನ ನೋಡಿ ನಕ್ಕುಬಿಟ್ರೆ?" ಎಂದರು.

ಅವರು ಬಾಗಿಲಿನ ಎದುರಿಗೇ ನಿಂತಿರುತ್ತಾರೆ, ನೀಲಿ ಅಂಗಿ. ನೀನು ಕೈ ಬೀಸಬೇಡ, ಅವರು ಗುರುತಿಸಲಿ ಎಂದು ಕಾಯಬೇಡ. ಕಂಡ ಕೂಡಲೇ "ಪಾ" ಎಂದು ಕೂಗು. ಯೂನ್‌ಗೂ "ತಾತಾ" ಎಂದು ಕೂಗಲು ಹೇಳಿಕೊಡು. ಜೋರಾಗಿಯೇ ಕೂಗಿ, ಜನ ನೋಡಿದರೆ ನೋಡಲಿ.