ಮೂರನೇ ಪೆಟ್ಟಿಗೆಯ ತೂಕ

ಲ್ಯುಬ್ಲಿಯಾನಾ,
ಮಾರ್ಚ್ ೧೪

ಪ್ರೀತಿಯ ಡ್ರಾಗೊ ಮಾವನಿಗೆ,

ನಿಮ್ಮ ಜೇನುಪೆಟ್ಟಿಗೆಗಳ ಅಡಿಯಲ್ಲಿಟ್ಟ ತಕ್ಕಡಿಗಳು ದಿನವೂ ನಮ್ಮ ಸಂಶೋಧನಾ ತಂಡಕ್ಕೆ ತೂಕ ಕಳಿಸುತ್ತಿವೆ. ಚಳಿಗಾಲದಲ್ಲಿ ಹುಳುಗಳು ಜೇನು ತಿಂದಂತೆಲ್ಲ ತೂಕ ಇಳಿಯಬೇಕು. ಮೂರನೇ ಪೆಟ್ಟಿಗೆಯದು ಮಾತ್ರ ಫೆಬ್ರವರಿಯಲ್ಲಿ ಒಂದೇ ದಿನಕ್ಕೆ ಒಂಬತ್ತು ಕಿಲೋ ಏರಿ ಅಲ್ಲೇ ನಿಂತಿತು. ನಮ್ಮ ಗಣಿತದವನು, ಜೀವಶಾಸ್ತ್ರದವಳು, ಕಂಪ್ಯೂಟರಿನ ನಾನು ತಿಂಗಳಿಡೀ ಜಗಳವಾಡಿ, ಆ ಏರಿಕೆಗೆ ಹೊಂದುವಂತೆ ಕುಟುಂಬಗಳ ಬಲ ಲೆಕ್ಕ ಹಾಕುವ ಇಡೀ ಮಾದರಿಯನ್ನೇ ತಿದ್ದಿದೆವು. ಈಗ ಕಂಪ್ಯೂಟರಿನ ಲೆಕ್ಕದಲ್ಲಿ ನಾಡಿಗೇ ಗಟ್ಟಿಯಾದ ಜೇನುಕುಟುಂಬ ಅದು. ಆ ಖುಷಿಗೆ ಅಕ್ರೋಟಿನ ಕೇಕು ತಿಂದದ್ದೂ ಆಯಿತು.

ನಿನ್ನೆ ಫೋನಿನಲ್ಲಿ ಅತ್ತೆ ನಕ್ಕುಬಿಟ್ಟರು: “ಅಯ್ಯೋ ಹುಡುಗಿ, ಅದ್ರಲ್ಲಿ ಹುಳ ಎಲ್ಲಾ ಸತ್ತೋಗಿ ಎಷ್ಟು ದಿನ ಆಯ್ತು! ಖಾಲಿ ಪೆಟ್ಟಿಗೆ ಗಾಳಿಗೆ ಹಾರಿಹೋಗತ್ತೆ ಅಂತ ನಿಮ್ಮಾವ ಮೇಲೊಂದು ಕಲ್ಲು ಹೇರಿದಾರೆ.”

ನಿಮ್ಮನ್ನು ದೂರುತ್ತಿಲ್ಲ ಮಾವ. ನಮ್ಮೂರ ಬುರ್ಯಾ ಗಾಳಿಗೆ ಹೆಂಚಿನ ಮೇಲೂ ಕಲ್ಲಿಡುವುದನ್ನು ನೋಡಿಯೇ ಬೆಳೆದವಳು ನಾನು. ಆದರೂ ಹೊಳೆಯಲಿಲ್ಲ. ಬಹಳ ದಣಿದಿದ್ದೇನೆ.

ಒಂದೇ ಕೋರಿಕೆ. ಸೋಮವಾರದವರೆಗೆ ಆ ಕಲ್ಲು ತೆಗೆಯಬೇಡಿ. ತೆಗೆದ ಕ್ಷಣ ಇಲ್ಲಿ ಪರದೆಯ ಮೇಲೆ ಆ ಕುಟುಂಬ ಸಾಯುತ್ತದೆ. ಅದಕ್ಕೂ ಮೊದಲು ನನ್ನ ಜೊತೆಗಾರರಿಬ್ಬರಿಗೆ ನಾನೇ ಹೇಳಬೇಕು.

ನಿಮ್ಮ ಸೊಸೆ,
ಯಾಸ್ನಾ