ಮೂರನೇ ಅಂಕದ ಕತ್ತಲೆ

ಅಪ್ಪನ ಮುಂದೆ ತಲೆಯೆತ್ತಲಾಗದೆ, ಅವರ ನಾಟಕದ ಬಣ್ಣದ ಪೆಟ್ಟಿಗೆಯಲ್ಲಿಟ್ಟು ಹೋಗುತ್ತಿರುವ ಪತ್ರ.

ನಿನ್ನೆ ಸಂಜೆ ಮೂರನೇ ಅಂಕದಲ್ಲಿ ನೀವು ಸಿಂಹಾಸನದಿಂದೆದ್ದು ಗುಡುಗುವ ಹೊತ್ತಿಗೇ ಊರಿಗೆ ಊರೇ ಕತ್ತಲಾಯಿತು. "ಯಾವ ಕತ್ತೆ ಕೂತಿತ್ತಪ್ಪಾ ನಿಮ್ಮ ಆಫೀಸಲ್ಲಿ?" ಎಂದು ಊಟಕ್ಕೆ ಕೂತಾಗ ಕೇಳಿದಿರಿ. ಆ ಕತ್ತೆ ನಾನೇ.

ನಮ್ಮ ವಿದ್ಯುತ್ ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಆಗ ವೋಲ್ಟೇಜು ಮಹಾರಾಜನ ಠೀವಿಯಲ್ಲಿ ನಿಂತಿತ್ತು. ನಾವೆಲ್ಲ ಅಕ್ಕ ಎಂದು ಕರೆಯುವ ಪಾಳಿಯ ಮೇಲ್ವಿಚಾರಕಿ ಮಾತ್ರ ಮರುಳಾಗಲಿಲ್ಲ.

"ಅದರ ಠೀವಿ ನಂಬಬೇಡ ಕಣೋ. ಎತ್ತಿ ಹಿಡಿಯೋಕೆ ಇದ್ದಬದ್ದ ಕೆಪಾಸಿಟರೆಲ್ಲ ಹಾಕಾಯ್ತು. ಇನ್ನು ಚೂರು ಲೋಡ್ ಏರಿದ್ರೂ ದೊಪ್ಪಂತ ಬೀಳುತ್ತೆ. ಲೋಡ್ ಶೆಡ್ಡಿಂಗ್ ಸರದೀಲಿರೋ ಬೀದೀದು ಈಗ್ಲೇ ಕರೆಂಟ್ ತೆಗಿ."

ಸರದಿಯಲ್ಲಿದ್ದದ್ದು ನಿಮ್ಮ ರಂಗಮಂದಿರದ ಬೀದಿ. "ತೆಗಿತಿದೀನಿ ಅಕ್ಕ" ಎಂದೆ, ತೆಗೆಯಲಿಲ್ಲ. ನಿಮ್ಮ ಆ ಗುಡುಗಿನ ಮಾತು ಯಾವ ಹೊತ್ತಿಗೆ ಬರುತ್ತದೆಂದು ನನಗೆ ಬಾಯಿಪಾಠ. ಅದೊಂದು ಮುಗಿಯಲಿ ಎಂದು ಕಾದೆ. ಅಷ್ಟರಲ್ಲಿ ಲೋಡ್ ಏರಿ ವೋಲ್ಟೇಜು ಕುಸಿದೇಬಿಟ್ಟಿತು. ಒಂದು ಬೀದಿಯನ್ನು ಉಳಿಸಹೋಗಿ ಊರನ್ನೇ ಮುಳುಗಿಸಿದೆ. ಜನ ಲಿಫ್ಟುಗಳಲ್ಲಿ ಸಿಕ್ಕಿಕೊಂಡು ಬಾಗಿಲು ಬಡಿದರಂತೆ.

ಈಗ ತಪ್ಪೆಲ್ಲ ಅಕ್ಕನ ತಲೆಗೆ ಬಂದಿದೆ, ಅವರ ಕೆಲಸ ಹೋಗುವುದರಲ್ಲಿದೆ. ಅವರು ನನ್ನ ಹೆಸರೆತ್ತಿಲ್ಲ. ನಾಳೆಯ ವಿಚಾರಣೆಯಲ್ಲಿ ನಾನೇ ಹೇಳುತ್ತೇನೆ. ಯಾಕೆ ಕಾದೆ ಎಂದು ಕೇಳಿದರೆ ನಿಮ್ಮ ಹೆಸರೂ ಬರುತ್ತದೆ. ಕ್ಷಮಿಸಿ.

ಒಂದು ಕೋರಿಕೆ. ಮುಂದಿನ ಪ್ರಯೋಗಕ್ಕೆ ರಂಗದ ಪಕ್ಕ ಗ್ಯಾಸ್‌ಲೈಟು ಸಿದ್ಧವಿರಲಿ. ನನ್ನನ್ನು ನಿಯಂತ್ರಣ ಕೊಠಡಿಯ ಕುರ್ಚಿಯಲ್ಲಿ ಉಳಿಸಿಕೊಂಡರೆ, ಸರದಿ ಬಂದ ಕೂಡಲೇ, ನೀವು ಸಿಂಹಾಸನದ ಮೇಲಿದ್ದರೂ ನಿಮ್ಮ ದೀಪ ಆರಿಸುತ್ತೇನೆ.

ಇಂತಿ,
ಅದೇ ಕತ್ತೆ,
ನಿಮ್ಮ ಮಗ