ನಲವತ್ತು ಸಲ ಕತ್ತೆ

ಗ್ರಂಥಾಲಯದ ಹಿಂದಿನ ಕೋಣೆಯಿಂದ,
ಮಾರ್ಚ್ ೧೪, ಮಂಗಳವಾರ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಕುತ್ತಿಗೆ ನೋವು ಕಡಿಮೆಯಾಯಿತೇ? ಕುರ್ಚಿಯ ಮೇಲೆ ಕಾಲು ಮಡಚಿಕೊಂಡು ಕೂರಬೇಡವೆಂದು ನೂರು ಸಲ ಹೇಳಿದ್ದೇನೆ; ದೊಡ್ಡ ಮನುಷ್ಯಳಾದ ಮೇಲೆ ಅಕ್ಕನ ಮಾತು ಎಲ್ಲಿ ರುಚಿಸುತ್ತದೆ! ಇಲ್ಲಿ ಅಮ್ಮ ಗಟ್ಟಿಮುಟ್ಟಾಗಿದ್ದಾಳೆ. ನಿನ್ನ ಸುದ್ದಿ ಬಂದಾಗಿನಿಂದ ಮಂಡಿನೋವೂ ಮಾಯ. ಒಂದಕ್ಷರ ಅರ್ಥವಾಗದಿದ್ದರೂ ಪಕ್ಕದ ಮನೆಯ ಟೈಲರಿಗೆ, ಹಾಲಿನವನಿಗೆ, ವಿಳಾಸ ಕೇಳಲು ಬಂದ ಯಾರೋ ದಾರಿಹೋಕನಿಗೂ ಹೇಳಿದ್ದಾಳೆ: "ನನ್ನ ಚಿಕ್ಕವಳು ಕಂಪ್ಯೂಟರಲ್ಲಿ ತೂತು ಹುಡುಕಿದಾಳೆ ಕಣಪ್ಪಾ, ಪ್ರಪಂಚದಲ್ಲಿ ಯಾರಿಗೂ ಕಂಡಿರಲಿಲ್ಲವಂತೆ!" ದೊಡ್ಡವಳು ಏನು ಮಾಡುತ್ತಾಳೆ ಎಂದು ಟೈಲರ್ ಕೇಳಿದ್ದಕ್ಕೆ, "ಅವಳಾ? ಇದಾಳೆ, ಇಲ್ಲೇ" ಅಂದಳಂತೆ. ಹಿತ್ತಲ ಗಿಡ ಮದ್ದಲ್ಲ, ಬಿಡು.

ಹೊಟ್ಟೆಕಿಚ್ಚು ಅಂದುಕೊಳ್ಳುತ್ತೀಯೇನೋ. ಹೌದು ಕಣೇ, ಹೊಟ್ಟೆಕಿಚ್ಚೇ. ಇಲ್ಲಿನ ಹದಿನೆಂಟು ಕಂಪ್ಯೂಟರುಗಳಲ್ಲೂ ಇರುವುದು ನೀನು ತೂತು ಹುಡುಕಿದ ಅದೇ ವ್ಯವಸ್ಥೆ: ಪುಕ್ಕಟೆ ಸಿಗುತ್ತದೆ, ಯಾರು ಬೇಕಾದರೂ ಬಿಚ್ಚಿ ನೋಡಬಹುದು. ನಿನ್ನ ತೂತಿಗೆ ತೇಪೆ ಹಾಕುವ ಕೆಲಸ ನನ್ನ ತಲೆಗೇ ಬಂತು. ಪ್ರತಿ ಸಲವೂ ಪರದೆಯ ಮೇಲೆ 'ಪತ್ತೆ ಹಚ್ಚಿದವರು' ಎಂದು ನಿನ್ನ ಹೆಸರು, ಇನಿಷಿಯಲ್ ಸಮೇತ. ಏಳನೆಯದಕ್ಕೆ ಬರುವ ಹೊತ್ತಿಗೆ ಆ ಸಾಲಿಗೆ ಅಂಗೈ ಅಡ್ಡ ಹಿಡಿದುಕೊಂಡೆ. ಅಷ್ಟರಲ್ಲಿ ನಮ್ಮ ಮುಖ್ಯಸ್ಥರು ಬಂದು, "ನಿಮ್ಮ ತಂಗಿಯಂತಲ್ಲ! ಒಂದ್ಸಲ ಕರೆಸಿ, ನಮಗೂ ನಾಲ್ಕು ಮಾತು ಹೇಳಲಿ" ಅಂದರು. ಒಂಬತ್ತು ವರ್ಷದಿಂದ ಇಲ್ಲಿದ್ದೇನೆ, ನನ್ನನ್ನು ಒಂದು ಮಾತೂ ಕೇಳಿದವರಲ್ಲ.

ಈ ತೂತಿನಿಂದ ಹೊರಗಿನ ಕಳ್ಳನಿಗೆ ಏನೂ ಉಪಯೋಗವಿಲ್ಲ. ಒಳಗೆ ಬಂದು ಕೂತಿರುವ ಸಾಮಾನ್ಯ ಬಳಕೆದಾರ, ಪ್ರಿಂಟ್ ಮಾಡುವ ಪ್ರೋಗ್ರಾಮಿಗೆ ಮಾರುದ್ದ ಹೆಸರಿನ ಫೈಲು ಕೊಟ್ಟರೆ ಸಾಕು. ಅದು ತಬ್ಬಿಬ್ಬಾಗಿ ಇಡೀ ಯಂತ್ರದ ಯಜಮಾನಿಕೆಯನ್ನೇ ಅವನ ಕೈಗಿಡುತ್ತದೆ. ನೋಡು, ನಿನ್ನ ವರದಿ ಓದದೆಯೂ ನಾನಿದನ್ನು ಹೇಳಬಲ್ಲೆ. ಆರು ವರ್ಷದ ಹಿಂದೆಯೇ ನನಗೆ ಗೊತ್ತಿತ್ತು. ಹಾಗಾದರೆ ಯಾಕೆ ಯಾರಿಗೂ ಹೇಳಲಿಲ್ಲ ಎಂದು ನೀನು ಕೇಳುತ್ತೀಯ. ಅದಕ್ಕೊಂದು ಕಾರಣವಿದೆ, ಧೈರ್ಯ ಬಂದರೆ ಬರೆಯುತ್ತೇನೆ.

ಹೊತ್ತುಹೊತ್ತಿಗೆ ಊಟ ಮಾಡು. ನಿನಗೆ ಒಳ್ಳೆಯದಾಗಲಿ, ಇನ್ನೂ ದೊಡ್ಡ ದೊಡ್ಡ ತೂತುಗಳು ಸಿಗಲಿ. ನನಗೆ ಮೊದಲೇ ಸಿಕ್ಕಿರದಂಥವು.

ಇಲ್ಲೇ ಇರುವ,
ನಿನ್ನ ಅಕ್ಕ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಹೇಳಿಯೇಬಿಡುತ್ತೇನೆ. ನಿನ್ನ ವರದಿಯನ್ನು ಕೊನೆಗೂ ಓದಿದೆ. ಉದಾಹರಣೆಗೆ ಕೊಟ್ಟಿರುವ ಫೈಲಿನ ಹೆಸರು 'ಕತ್ತೆ', ನಲವತ್ತು ಸಲ. 'ಹಳೆಯದೊಂದು ಮನೆ ಕಂಪ್ಯೂಟರಿನ ದಾಖಲೆಯಲ್ಲಿ ಕಂಡಿದ್ದು' ಎಂದಷ್ಟೇ ಬರೆದಿದ್ದೀಯ. ಮನೆ ಬಿಟ್ಟು ಹೋಗುವಾಗ ನೀನು ಹೊತ್ತುಕೊಂಡು ಹೋದೆಯಲ್ಲ, ನಾವಿಬ್ಬರೇ ಬಳಸುತ್ತಿದ್ದದ್ದು, ಅದೇ ತಾನೇ? ಆ ಕತ್ತೆ ನೀನೇ ಕಣೇ. 'ಅಕ್ಕ ನೋಡಬಾರದು' ಎಂದು ಹೆಸರಿಟ್ಟು ಅದರೊಳಗಿನ ನಿನ್ನ ಡೈರಿಗೆ ಬೀಗ ಹಾಕಿದ ದಿನ, ಸಿಟ್ಟಿನಲ್ಲಿ ನಾನು ಒಂದು ಫೈಲಿಗೆ ಆ ಹೆಸರು ಟೈಪ್ ಮಾಡಿ ಪ್ರಿಂಟಿಗೆ ಕೊಟ್ಟಿದ್ದು. ಬೀಗ ತೆರೆಯಿತು. ಇನ್ನೂರು ಪುಟವನ್ನೂ ಓದಿದೆ. ಟೈಲರ್, ನಿನ್ನ ಗೆಳತಿಯರು ಇದ್ದರು, ಬಸ್ಸಿನ ಕಂಡಕ್ಟರ್ ಕೂಡ ಇದ್ದ. ನಾನು ಒಂದು ಸಾಲಿನಲ್ಲೂ ಇರಲಿಲ್ಲ. ತೂತಿನ ವಿಷಯ ಬಾಯಿಬಿಟ್ಟರೆ ಡೈರಿಯ ವಿಷಯವೂ ಹೊರಬೀಳುತ್ತದೆಂದು ಸುಮ್ಮನಿದ್ದೆ. ನಿನಗೆ ಎಲ್ಲಾ ಗೊತ್ತು, ನನ್ನ ಮರ್ಯಾದೆ ಉಳಿಸಲೆಂದೇ ಹೆಸರು ಬಿಟ್ಟಿದ್ದೀಯ. ನಿನ್ನ ಉಪಕಾರ ಬೇಡ. ಅಮ್ಮನಿಗೆ ಇವತ್ತೇ ನಾನೇ ಹೇಳುತ್ತೇನೆ. ನೀನು ವರದಿಯನ್ನು ತಿದ್ದು. ಡೈರಿ ಕದ್ದು ಓದಿದವಳು ಅಂತಲೇ ಬರಿ, ಪರವಾಗಿಲ್ಲ. ಆದರೆ ಹೆಸರು ಹಾಕು, ಇನಿಷಿಯಲ್ ಸಮೇತ.